ಅತಿಥಿಗೃಹದ ಹುಲ್ಲಿನ ಅಂಚು

ಹುಲ್ಲಿನ ಅಂಚು ಕತ್ತರಿಸಲು ಒಬ್ಬ ಫಿಟರನನ್ನು ಕೂಡಲೇ ಕಳಿಸಬೇಕು ಎಂಬ ಚೀಟಿ ಬಂದಾಗ ನಾನು ಮೂರನೆಯ ಮಿಲ್ಲಿನ ರೋಲರಿನ ಕೆಳಗೆ ಅಂಗಾತ ಮಲಗಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳವು. ಕಬ್ಬು ಅರೆಯುವ ಹಂಗಾಮು ಶುರುವಾಗಲು ಇನ್ನು ಹದಿನೆಂಟು ದಿನ ಉಳಿದಿದ್ದವು. ಬೇರಿಂಗ್ ಕೂತಿಲ್ಲ, ಗಿಯರಿನ ಹಲ್ಲು ಹೊಂದಿಲ್ಲ, ಕಬ್ಬು ಸಾಗಿಸುವ ಸರಪಳಿಯ ಅರ್ಧ ಕೊಂಡಿಗಳು ಇನ್ನೂ ನೆಲದ ಮೇಲೆ ಬಿದ್ದಿವೆ. ಇಂಥ ಹೊತ್ತಿನಲ್ಲಿ ಹುಲ್ಲಿನ ಅಂಚು! ಚೀಟಿಯನ್ನು ಎರಡು ಸಲ ಓದಿ, ಅದರಿಂದಲೇ ಕೈಯ ಗ್ರೀಸ್ ಒರೆಸಿಕೊಂಡು ಹೊರಟೆ.

ಕಾರ್ಖಾನೆಯ ಹೆಸರು ಇಲ್ಲಿ ಬೇಡ. ರಾಯಬಾಗ, ಅಥಣಿ, ಕಾಗವಾಡ ಕಡೆಯ ಕಬ್ಬಿನ ಗಾಡಿಗಳು ಬಂದು ಸಾಲು ಹಚ್ಚುವ ಕಾರ್ಖಾನೆಗಳಲ್ಲಿ ಅದೂ ಒಂದು. ಅದರ ಅತಿಥಿಗೃಹದ ಮುಂದೆ ಎರಡು ಟೆನಿಸ್ ಅಂಗಳದಷ್ಟು ಲಾನ್ ಇತ್ತು. ಸುತ್ತ ಓರೆಯಾಗಿ ಹುಗಿದ ಇಟ್ಟಿಗೆಗಳ ಸಾಲು, ಒಂದಕ್ಕೆ ಸುಣ್ಣ, ಮುಂದಿನದಕ್ಕೆ ಕೆಂಪು. ಈ ಲಾನ್, ಅತಿಥಿಗೃಹ ಮತ್ತು ಕ್ವಾರ್ಟರ್ಸುಗಳ ಮೇಲೆ ಒಬ್ಬ ಎಸ್ಟೇಟ್ ಅಧಿಕಾರಿ ಇದ್ದರು. ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆತನ, ಒಬ್ಬ ಡೈರೆಕ್ಟರರ ಅಳಿಯ. ಅವರ ವಿದ್ಯಾರ್ಹತೆ ಇಷ್ಟೇ ಎಂದು ಕಾರ್ಖಾನೆಯಲ್ಲಿ ಎಲ್ಲರೂ ತಿಳಿದಿದ್ದರು. ಸಫಾರಿ ಸೂಟು, ಬಿಳಿ ಚಪ್ಪಲಿ, ಕಿಸೆಯಲ್ಲಿ ಬಾಚಣಿಗೆ. ಹಂಗಾಮಿನ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ಮಿಲ್ಲು ತಿರುಗುವುದೋ ಇಲ್ಲವೋ ಎಂಬುದು ಈ ಅಧಿಕಾರಿಗಳ ಚಿಂತೆಯಾಗಿರಲಿಲ್ಲ. ಲಾನಿನ ಅಂಚು ಮಾತ್ರ ಗೆರೆ ಎಳೆದ ಹಾಗೆ ಇರಬೇಕಿತ್ತು.

"ಬಾ ಮಿಸ್ತ್ರಿ, ನೋಡು. ಅಸಲೀ ಫಾರಿನ್ ಮಾಲು ಐತಿ," ಎಂದರು.

ಕಟ್ಟಿಗೆಯ ಪೆಟ್ಟಿಗೆಯೊಳಗೆ ಹುಲ್ಲಿನ ನಡುವೆ ಮಲಗಿತ್ತು ಅದು. ಯಾರೋ ಡೈರೆಕ್ಟರು ಪರದೇಶಕ್ಕೆ ಹೋದಾಗ ಕಂಡು ತರಿಸಿದ್ದಂತೆ. ಮೂರು ಗಾಲಿ, ಮೇಲೆ ಪುಟ್ಟ ಪೆಟ್ರೋಲ್ ಎಂಜಿನ್, ಬಲಬದಿಯಲ್ಲಿ ನಿಂತ ಭಂಗಿಯಲ್ಲಿ ತಿರುಗುವ ಒಂದು ಗೇಣುದ್ದದ ಉಕ್ಕಿನ ಪಟ್ಟಿ. ಅದೇ ಬ್ಲೇಡು. ಎಂಜಿನಿನಿಂದ ಬ್ಲೇಡಿಗೆ ಒಂದು ಬೆಲ್ಟು. ಹಿಡಿಕೆಯ ಮೇಲೆ ಎರಡು ಲಿವರು: ಒಂದು ಬೆಲ್ಟನ್ನು ಬಿಗಿದು ಬ್ಲೇಡು ತಿರುಗಿಸಲು, ಇನ್ನೊಂದು ಬ್ಲೇಡನ್ನು ನೆಲದೊಳಗೆ ಎಷ್ಟು ಆಳ ಇಳಿಸಬೇಕೆಂದು ಹಲ್ಲು ಹಲ್ಲಾಗಿ ಹೊಂದಿಸಲು. ಬ್ಲೇಡಿನ ಮೇಲೆ ತಗಡಿನ ಗಾರ್ಡು, ಅದಕ್ಕೆ ಹಿಂದೆ ಮುಂದೆ ದಪ್ಪ ರಬ್ಬರಿನ ಪರದೆ. ಕಬ್ಬಿನ ಮಿಲ್ಲಿನಲ್ಲಿ ಕೆಲಸ ಮಾಡುವವನಿಗೆ ಇದು ಸಂತೆಯಲ್ಲಿ ಸಿಗುವ ಆಟಿಗೆಯ ಹಾಗೆ ಕಂಡಿತು. ನಾನು ನಕ್ಕೆ. ಆ ನಗು ನನಗೆ ಎಷ್ಟು ತುಟ್ಟಿಯಾಯಿತೆಂದು ಮುಂದೆ ಹೇಳುತ್ತೇನೆ.

ಯಂತ್ರದ ಜೊತೆ ಒಂದು ಪುಸ್ತಕ ಬಂದಿತ್ತು. ಕೇಳಿದೆ. ಅಧಿಕಾರಿಗಳು ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. "ಅದು ಆಫೀಸಿನ ಪ್ರಾಪರ್ಟಿ. ಎಣ್ಣಿ ಕೈಲೆ ಮುಟ್ಟಬ್ಯಾಡ," ಎಂದರು. ಕೊನೆಗೆ ತಮ್ಮ ಮೇಜಿನ ಮೇಲೆ ಬಿಚ್ಚಿಟ್ಟು ಹತ್ತು ನಿಮಿಷ ನೋಡಲು ಬಿಟ್ಟರು, ಪುಟಗಳನ್ನು ತಾವೇ ತಿರುವಿದರು. ಚಿತ್ರಗಳಿದ್ದ ಪುಟಗಳಲ್ಲಿ ನಿಂತರು, ಬರಹವಿದ್ದ ಪುಟಗಳನ್ನು ಹಾರಿಸಿದರು. ನಾನು ಜಾಬ್ ಕಾರ್ಡಿನ ಬೆನ್ನಿಗೆ ಲಿವರುಗಳ ಚಿತ್ರ ಗೀಚಿಕೊಂಡೆ. ಒಂದು ಪುಟದಲ್ಲಿ ದಪ್ಪ ಅಕ್ಷರದ ಎಚ್ಚರಿಕೆಗಳ ಸಾಲು ಕಂಡಿತ್ತು. ಅದನ್ನು ಓದುವಷ್ಟರಲ್ಲಿ ಪುಟ ಹೋಯಿತು. ಮತ್ತೊಮ್ಮೆ ತೋರಿಸಿ ಎಂದು ಕೇಳಲು ನನಗೂ ಮನಸ್ಸಾಗಲಿಲ್ಲ. ಆಟಿಗೆಗೆ ಎಂಥ ಎಚ್ಚರಿಕೆ?

ಲಾನ್ ನೋಡಿಕೊಳ್ಳುತ್ತಿದ್ದವಳು ತೆಲಸಂಗ ಕಡೆಯ ಕುರಿ ಸಾಕುವ ಮನೆತನದ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು. ಅಷ್ಟು ವರ್ಷ ಆ ಅಂಚನ್ನು ಅವಳು ಎರಡು ಗೂಟ, ಒಂದು ಹಗ್ಗ, ಕಳೆ ತೆಗೆಯುವ ಒಂದು ಖುರಪಿಯಿಂದ ಕತ್ತರಿಸುತ್ತಿದ್ದಳು. ನಾಲ್ಕು ದಿನದ ಕೆಲಸ. ಕುಕ್ಕುರುಗಾಲಲ್ಲಿ ಕೂತು ಕೂತು ಅವಳ ಮೊಣಕಾಲು ಹೋಗಿದ್ದವು, ಅಂಚು ಮಾತ್ರ ಎಂದೂ ಸೊಟ್ಟಾಗಿರಲಿಲ್ಲ. ಅದು ಅಧಿಕಾರಿಗಳಿಗೆ ಕಾಣಿಸಿರಲೂ ಇಲ್ಲ.

ಮೊದಲ ದಿನ ಬೆಳಿಗ್ಗೆಯೇ ಅವಳು ಹೇಳಿದಳು: "ಮಿಸ್ತ್ರಿ ಅಣ್ಣಾರ, ನಿನ್ನಿ ನೀರ ಬಿಟ್ಟೇನ್ರಿ. ಎರಿ ಮಣ್ಣ ಐತಿ, ಹಸಿ ಇದ್ದಾಗ ಬಿಡೂದಿಲ್ಲ, ಹಿಡಕೋತೈತಿ. ನಾಳಿ ಮಾಡ್ರಿ."

"ನಾಳೆ ನನಗ ಮಿಲ್ಲಿನಾಗ ಕೆಲಸ ಐತೆಕ್ಕಾ," ಎಂದು ನಾನು ಎಂಜಿನ್ ಎಳೆದೆ.

ಆಳದ ಲಿವರನ್ನು ಮೊದಲ ಸಾರಿಗೇ ಕೊನೆಯ ಹಲ್ಲಿಗೆ ಇಳಿಸಿದ್ದೆ. ಎರಡು ಮಾರು ಹೋಗುವಷ್ಟರಲ್ಲಿ ಕಪ್ಪು ಮಣ್ಣು ಗಾರ್ಡಿನೊಳಗೆ ಹಿಟ್ಟಿನ ಮುದ್ದೆಯ ಹಾಗೆ ತುಂಬಿತು. ಬೆಲ್ಟು ಕಿರ್ರೆಂದಿತು, ಎಂಜಿನ್ ಉಸಿರುಗಟ್ಟಿ ನಿಂತಿತು. ನಿಂತಿತಲ್ಲ, ಇನ್ನೇನು ಎಂದುಕೊಂಡೆ. ಬೆಲ್ಟಿನ ಲಿವರು ಬಿಗಿದ ಜಾಗದಲ್ಲೇ ಇತ್ತು. ಪ್ಲಗ್ಗಿನ ತಂತಿ ಕಿತ್ತಿರಲಿಲ್ಲ. ಗಾರ್ಡಿನ ಕೆಳಗೆ ಬೆರಳು ಹಾಕಿ ಮಣ್ಣು ಕೆದರಿದೆ. ಮಣ್ಣು ಬಿಟ್ಟುಕೊಟ್ಟ ಕ್ಷಣಕ್ಕೆ, ಒತ್ತಡದಲ್ಲಿ ಸಿಕ್ಕಿಬಿದ್ದಿದ್ದ ಪಿಸ್ಟನ್ನು ಹಿಂದಕ್ಕೆ ಒದ್ದಿತು. ಎಂಜಿನ್ ಶುರುವಾಗಲೂ ಇಲ್ಲ. ಬ್ಲೇಡು ಬರೀ ಕಾಲು ಸುತ್ತು ತಿರುಗಿತು. ಅಷ್ಟೇ ಸಾಕಾಯಿತು. ತೋರುಬೆರಳಿನ ತುದಿ ಸೀಳಿ ರಕ್ತ ಬಂತು.

ಅವಳು ತನ್ನ ತಲೆಗೆ ಕಟ್ಟಿದ್ದ ಅರಿವೆ ಬಿಚ್ಚಿ ನನ್ನ ಬೆರಳಿಗೆ ಸುತ್ತಿದಳು. ಬೈಯಲಿಲ್ಲ. "ಸುಮ್ಮನ ಮಲಗೇತಿ ಅಂತ ಕೈ ಹಾಕಿದ್ರೇನ್ರಿ?" ಎಂದಷ್ಟೇ ಕೇಳಿದಳು.

ಕಾರ್ಖಾನೆಯ ದವಾಖಾನೆಯಲ್ಲಿ ಮೂರು ಹೊಲಿಗೆ ಹಾಕಿದರು. ಎಂಟು ವರ್ಷ ಮಿಲ್ಲಿನಲ್ಲಿ ದುಡಿದು ಒಂದು ಉಗುರೂ ಕಳಕೊಳ್ಳದವನು ಹುಲ್ಲಿನ ಯಂತ್ರಕ್ಕೆ ರಕ್ತ ಕೊಟ್ಟು ಬಂದಿದ್ದೆ. ರೋಲರಿಗೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ಚಿನ ಫ್ಯೂಸು ಕಿತ್ತು ಕಿಸೆಯಲ್ಲಿಟ್ಟುಕೊಳ್ಳುವವನು ನಾನು. ಇಲ್ಲಿ ಒಂದು ತಂತಿ ಕೀಳಲು ಆಲಸ್ಯ ಮಾಡಿದ್ದೆ, ಯಂತ್ರ ಚಿಕ್ಕದಿದೆ ಎಂದು. ಆ ದಿನ ನನಗೆ ಎಲ್ಲರಿಗಿಂತ ಹೆಚ್ಚು ಹೇಸಿಕೆ ಬಂದದ್ದು ನನ್ನ ಮೇಲೆಯೇ.

ಮರುದಿನ ಕ್ರಮದಿಂದ ಹೊರಟೆ. ಮೊದಲು ಪ್ಲಗ್ಗಿನ ತಂತಿ ಕಿತ್ತು ದೂರ ಬಾಗಿಸಿಟ್ಟೆ. ಬೆಲ್ಟಿನ ಲಿವರು ಸಡಿಲಿಸಿದೆ. ಆಮೇಲೆ ಗಾರ್ಡಿನೊಳಗೆ, ಬೆರಳಿನಿಂದಲ್ಲ, ಕಟ್ಟಿಗೆಯ ಚೂರಿನಿಂದ ಕೆದರಿ ಸ್ವಚ್ಛ ಮಾಡಿದೆ. ಬ್ಲೇಡಿನ ನಟ್ಟನ್ನು ಪಾನಾದಿಂದ ಬಿಗಿದು ನೋಡಿದೆ. ಆಳವನ್ನು ಮೊದಲ ಹಲ್ಲಿಗೆ ಮಾತ್ರ ಇಟ್ಟೆ. ಈ ಸಲ ಮಣ್ಣು ಅರೆ ಒಣಗಿತ್ತು, ಪುಡಿಪುಡಿಯಾಗಿ ಬಂತು. ಆದರೆ ಆಗಾಗ 'ಟಣ್' ಎಂದು ಗಾರ್ಡಿಗೆ ಏನೋ ಬಡಿಯುತ್ತಿತ್ತು.

"ಅಂಚಿನ ಬುಡಕ ಒಡದ ಇಟ್ಟಿಗಿ ಚೂರು, ಹಳೇ ಮಂಟಪದ ತಂತಿ, ಎಲ್ಲಾ ಐತ್ರಿ," ಎಂದಳು ಅವಳು. "ಖುರಪಿಗೆ ತಿಳೀತೈತಿ. ಇದಕ ಏನ್ ತಿಳೀತೈತಿ?"

ನಿಲ್ಲಿಸಿ ನೋಡಿದರೆ ಗಾರ್ಡಿನ ಒಳಮೈಯಲ್ಲಿ ಹೆಬ್ಬೆರಳಿನ ತುದಿ ಕೂರುವಂಥ ಎರಡು ತಗ್ಗು ಬಿದ್ದಿದ್ದವು. ಆ ತಗಡು ಇರದಿದ್ದರೆ ಆ ಚೂರು ಯಾರ ಕಾಲನ್ನು ಹುಡುಕಿಕೊಂಡು ಹೋಗುತ್ತಿತ್ತೋ. ನಾನು ಕೆಲಸ ನಿಲ್ಲಿಸಿ ಅಧಿಕಾರಿಗಳ ಬಳಿ ಹೋದೆ. ಇಟ್ಟಿಗೆಯ ಸಾಲು ಪೂರ್ತಿ ಕಿತ್ತು, ಬುಡ ಕೆದರಿ, ಚೂರು ಆರಿಸಿದ ಮೇಲೆ ಮಾತ್ರ ಯಂತ್ರ ನಡೆಸಬಹುದು, ಎರಡು ದಿನ ಬೇಕು ಎಂದೆ.

ಅವರಿಗೆ ಸಿಟ್ಟು ಬಂತು. "ಫಾರಿನ್ ಮಷೀನ್ ತಂದದ್ದ ಯಾಕ ಮತ್ತ? ಇಟ್ಟಿಗಿ ಕೀಳಾಕೇನು? ಮತ್ತ ಆ ತಗಡ ಒಂದು ಅಡ್ಡ ಕುಂತೈತಿ, ಗೆರಿ ಕಾಣಸೂದ ಇಲ್ಲ. ಅದನ್ನ ತಗದ ಒಗಿ."

ನಾನು ಗಾರ್ಡಿನ ತಗ್ಗುಗಳನ್ನು ತೋರಿಸಿದೆ. ಅವರು ಬಗ್ಗಿ ನೋಡಿ, "ಹೊಸಾ ಮಷೀನ್ ಎರಡ ದಿನದಾಗ ಹಾಳ ಮಾಡಿದ್ಯೆಲ್ಲೋ," ಎಂದರು. ಅವರಿಗೆ ಅದರಲ್ಲಿ ಕಂಡದ್ದು ಇಷ್ಟು. ನಾನು ಗಾರ್ಡು ತೆಗೆಯುವುದಿಲ್ಲ ಎಂದು ಹೇಳಿ ಮಿಲ್ಲಿಗೆ ಹೋದೆ. ಅಲ್ಲಿ ಗಿಯರು ಕೂರಿಸುವ ಕೆಲಸ ನನಗಾಗಿ ಕಾಯುತ್ತಿತ್ತು. ಅವಳನ್ನೂ ಆ ಯಂತ್ರವನ್ನೂ ಅಂಥ ಮನುಷ್ಯನ ಕೈಯಲ್ಲಿ ಬಿಟ್ಟುಹೋದದ್ದು ನನ್ನ ಎರಡನೆಯ ತಪ್ಪು.

ಮರುದಿನ ಮಧ್ಯಾಹ್ನ ಊಟದ ಹೊತ್ತಿನ ಭೋಂಗಾ, ಕಾರ್ಖಾನೆಯ ಸೈರನ್ನು, ಕೂಗಿ ಆಗಿತ್ತು. ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಆ ಎಂಜಿನಿನ ಸದ್ದು ಕೇಳಿಸಿತು. ಸದ್ದು ಬೇರೆಯಾಗಿತ್ತು, ತಗಡಿನ ಕೆಳಗಿನ ಮಂದ ಗೊರಕೆ ಅಲ್ಲ, ಬಿಚ್ಚಿದ ಬ್ಲೇಡು ಗಾಳಿ ಸೀಳುವ ಸದ್ದು. ಓಡಿದೆ.

ಅಧಿಕಾರಿಗಳೇ ಹಿಡಿಕೆ ಹಿಡಿದಿದ್ದರು. ಅದೇ ಬಿಳಿ ಚಪ್ಪಲಿ, ಕಣ್ಣಿಗೆ ತಂಪು ಕನ್ನಡಕ. ಜೀಪಿನ ಡ್ರೈವರನ ಕೈಯಿಂದ ಗಾರ್ಡಿನ ನಾಲ್ಕೂ ಬೋಲ್ಟು ಬಿಚ್ಚಿಸಿ ಅದನ್ನು ಹುಲ್ಲಿನ ಮೇಲೆ ಒಗೆದಿದ್ದರು. ಅವಳು ಯಂತ್ರಕ್ಕಿಂತ ಎರಡು ಮಾರು ಮುಂದೆ ಬಗ್ಗಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ಬರುತ್ತಿರುವ ಬ್ಲೇಡಿನ ದಾರಿಯಿಂದ ಒಂದೊಂದೇ ಇಟ್ಟಿಗೆ ಕೀಳುತ್ತಿದ್ದಳು. ಆಳದ ಲಿವರು ಕೊನೆಯ ಹಲ್ಲಿನಲ್ಲಿತ್ತು.

"ನಿಲ್ಲಸ್ರಿ! ಸಾಹೇಬ್ರ, ನಿಲ್ಲಸ್ರಿ!" ಎಂದು ಕೂಗಿದೆ. ಎಂಜಿನಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ನನ್ನನ್ನು ಕಂಡು, 'ನೋಡು, ನಾನೇ ಮಾಡಿದೆ' ಎಂಬಂತೆ ಹಲ್ಲು ಕಿರಿದು ಕೈ ಎತ್ತಿದರು. ಒಂದೇ ಕೈಯ ಹಿಡಿತಕ್ಕೆ ಯಂತ್ರ ಬಲಕ್ಕೆ ಹೊರಳಿತು. ಬ್ಲೇಡು ಇಟ್ಟಿಗೆಗೆ ಬಡಿಯಿತು.

ಚೂರು ಹಾರಿದ್ದು ನನಗೆ ಕಾಣಲಿಲ್ಲ. ಅವಳ ಕಚ್ಚೆ ಸೀರೆಯ ನೆರಿಗೆ ಯಾರೋ ಎಳೆದ ಹಾಗೆ ಒಮ್ಮೆ ಜಗ್ಗಿದ್ದು ಕಂಡಿತು. ಅದೇ ಕ್ಷಣಕ್ಕೆ ಅವಳ ಹಿಂದಿನ ಅತಿಥಿಗೃಹದ ಗೋಡೆಯಿಂದ ಅಂಗೈಯಷ್ಟು ಸಿಮೆಂಟಿನ ಗಿಲಾಯಿ ಉದುರಿತು.

ನಾನು ಓಡಿಹೋಗಿ ಚರ್ಮದ ಕೈಗವಸು ಹಾಕಿದ್ದ ಕೈಯಿಂದಲೇ ಪ್ಲಗ್ಗಿನ ತಂತಿ ಹಿಡಿದು ಕಿತ್ತೆ. ಎಂಜಿನ್ ನಿಂತಿತು. ಬ್ಲೇಡು ಇನ್ನೂ ನಾಲ್ಕೈದು ಉಸಿರು ತಿರುಗಿ, ನಿಧಾನವಾಗಿ ನಿಂತಿತು.

ಅವಳು ಎದ್ದು ನಿಂತು ಸೀರೆ ನೋಡಿಕೊಂಡಳು. ಎರಡು ಮೊಣಕಾಲುಗಳ ನಡುವಿನ ನೆರಿಗೆಯಲ್ಲಿ, ಮೂರು ಪದರು ದಾಟಿ, ಒಂದು ತೂತು. ಅದರೊಳಗೆ ಬೆರಳು ತೂರಿಸಿ, ಆ ಬೆರಳನ್ನೇ ನೋಡುತ್ತ ನಿಂತಳು.

"ಹೋಗ್ಲಿ ಬಿಡು," ಎಂದರು ಅಧಿಕಾರಿಗಳು. "ಹಂಗಾಮಿಗೆ ಒಂದ ಹೊಸಾ ಸೀರಿ ಕೊಡಸ್ತೇನಿ. ಏ ಮಿಸ್ತ್ರಿ, ತಂತಿ ಹಚ್ಚು. ನಾಕಕ್ಕ ಡೈರೆಕ್ಟರ್ ಮಂದಿ ನೋಡಾಕ ಬರತಾರ."

ಜೀವನದಲ್ಲಿ ದಡ್ಡರನ್ನು ಕಂಡಿದ್ದೇನೆ, ಕ್ರೂರಿಗಳನ್ನೂ ಕಂಡಿದ್ದೇನೆ. ಆದರೆ ಒಂದು ಕಾಲು ಒಂದು ಗೇಣಿನ ಅಂತರದಲ್ಲಿ ಉಳಿದದ್ದನ್ನು ಕಣ್ಣಾರೆ ನೋಡಿಯೂ ಸೀರೆಯ ಲೆಕ್ಕ ಹಾಕುವ ಮನುಷ್ಯನನ್ನು ಆ ತನಕ ಕಂಡಿರಲಿಲ್ಲ. ಅವರಿಗೆ ಉತ್ತರ ಕೊಡುವುದು ಮಾತಿಗೆ ಅವಮಾನ ಎನಿಸಿತು. ಕಿಸೆಯಿಂದ ಪಾನಾ ತೆಗೆದು, ಅಲ್ಲೇ ಕೂತು, ಬ್ಲೇಡಿನ ನಟ್ಟು ಬಿಚ್ಚಿದೆ. ಬ್ಲೇಡನ್ನು ಒಂದು ಗೋಣಿಚೀಲದ ತುಂಡಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

"ಏನ್ ಮಾಡಾಕತ್ತೀ?"

"ಒಯ್ಯಾಕತ್ತೇನ್ರಿ."

"ಅದು ಕಾರ್ಖಾನಿದು! ಕಳವಿನ ಕೇಸ್ ಹಾಕಸ್ತೇನಿ ನೋಡು!"

"ಹಾಕಸ್ರಿ. ಹಾಕಸೂವಾಗ, ಗಾರ್ಡ್ ಯಾರ ತಗಸಿದ್ರು ಅಂತಾನೂ ಬರಸ್ರಿ."

ಬ್ಲೇಡನ್ನು ನನ್ನ ಹತ್ಯಾರಿನ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ಮುಖ್ಯ ಎಂಜಿನಿಯರರ ಕೋಣೆಗೆ ಹೋದೆ. ಅವರು ಬಾಯ್ಲರಿನ ಚಿಂತೆಯಲ್ಲಿ ಒಣಗಿಹೋಗಿದ್ದ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ ಕಣ್ಣು ಉಜ್ಜಿಕೊಂಡರು.

"ಅವರ ಮಾವ ಯಾರು ಗೊತ್ತೈತಿಲ್ಲೋ? ಒಂದು ಹುಲ್ಲಿನ ಮಷೀನಿಗೆ ನಾ ಅವರ ಕೂಡ ಜಗಳಾ ಆಡ್ಲೇನು?"

"ಬ್ಯಾಡ್ರಿ. 'ಗಾರ್ಡ್ ತಗದು ನಡಸು' ಅಂತ ಒಂದ ಸಾಲು ಬರದು ಸಹಿ ಮಾಡಿ ಕೊಡ್ರಿ. ಈಗ ಬ್ಲೇಡ್ ಹಚ್ಚತೇನಿ."

ಅವರು ಪೆನ್ನು ಕೈಗೆತ್ತಿಕೊಂಡರು. ಬರೆಯಲಿಲ್ಲ. ಆಮೇಲೆ ಪೆನ್ನಿನ ಟೋಪಿ ಹಾಕಿ, "ಬ್ಲೇಡ್ ಎಲ್ಲಿ ಐತಿ ಅಂತ ನನಗ ಹೇಳಬ್ಯಾಡ. ನಾ ಕೇಳಿಲ್ಲ," ಎಂದರು.

ಹೇಡಿತನವೇ. ಆದರೆ ಆ ಕಾರ್ಖಾನೆಯಲ್ಲಿ ಅಂದು ನನಗೆ ಸಿಕ್ಕ ಬೆಂಬಲವೂ ಅದೊಂದೇ.

ಎರಡು ದಿನ ಯಂತ್ರ ಬ್ಲೇಡಿಲ್ಲದೆ ಬಿದ್ದಿತ್ತು. ಮೂರನೆಯ ದಿನ ಎಸ್ಟೇಟ್ ಅಧಿಕಾರಿಗಳು ಸ್ವತಃ ವರ್ಕ್‌ಶಾಪಿಗೆ ಬಂದರು. ಅವರು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಎಣ್ಣೆಯ ನೆಲದ ಮೇಲೆ ಬಿಳಿ ಚಪ್ಪಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಕಾಲ ಮೇಲೆ ನಿಂತ ಕೊಕ್ಕರೆಯ ಹಾಗೆ ಬಾಗಿಲಲ್ಲೇ ನಿಂತರು. ಅರ್ಧ ಕತ್ತರಿಸಿದ ಅಂಚು ಇಲಿ ಕಡಿದ ಹಾಗಿತ್ತು, ಡೈರೆಕ್ಟರುಗಳು ನಕ್ಕಿದ್ದರು. ಮಂತ್ರಿಗಳು ಬರಲು ಹನ್ನೆರಡು ದಿನ ಇತ್ತು.

"ಏನ್ ಬೇಕು ನಿನಗ?" ಎಂದರು.

ನಾನು ಹೇಳಿದೆ. ಗಾರ್ಡು ಮೊದಲಿನಂತೆ ಕೂರಬೇಕು. ಇಟ್ಟಿಗೆ ಪೂರ್ತಿ ಕೀಳಬೇಕು. ಯಂತ್ರ ನಡೆಯುವಾಗ ಮುಂದೆ, ಬದಿಗೆ ಯಾರೂ ನಿಲ್ಲಬಾರದು, ಸಾಹೇಬರೂ. ಹಗ್ಗ ಹಾಕುವವಳು, ಎಲ್ಲಿ ಶುರು ಮಾಡಬೇಕೆಂದು ಹೇಳುವವಳು ಅವಳು. ಮತ್ತು ಆ ಪುಸ್ತಕ ನನ್ನ ಕೈಗೆ ಬರಬೇಕು.

ಅವರು ತಿರುಗಿ ಹೋದರು. ಸಂಜೆ ಪ್ಯೂನ್ ಪುಸ್ತಕ ತಂದುಕೊಟ್ಟ.

ಆ ದಪ್ಪ ಅಕ್ಷರದ ಪುಟವನ್ನು ನಾನು ಅಂದು ಪೂರ್ತಿ ಓದಿದೆ, ನಿಘಂಟು ಇಟ್ಟುಕೊಂಡು. ಬೆರಳು ಸೀಳಿಕೊಂಡ ಆ ತಪ್ಪು ಎರಡನೆಯ ಸಾಲಿನಲ್ಲೇ ಇತ್ತು. ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ, ಅವಳು ಎದುರಿಗೆ ಕೂತು ಕೇಳಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಒಂದೊಂದು ಸಾಲಿಗೂ ಎದ್ದು ಹೋಗಿ ಯಂತ್ರದ ಆ ಭಾಗವನ್ನು ಮುಟ್ಟಿ ನೋಡಿ ಬರುತ್ತಿದ್ದಳು. ಕೊನೆಗೆ, "ನಾ ನಡಸ್ತೇನ್ರಿ," ಎಂದಳು.

"ನೀವ ಯಾಕಕ್ಕಾ?"

"ನೀವ ನಾಳಿ ಮಿಲ್ಲಿಗೆ ಹೋಗ್ತೀರಿ. ಇದು ಇಲ್ಲೇ ಇರತೈತಿ. ನಾ ಕಲೀಲಿಲ್ಲಂದ್ರ ಮತ್ತ ಆ ಪುಣ್ಯಾತ್ಮನ ಕೈಗೆ ಹೋಗತೈತಿ."

ಎರಡು ದಿನ ಇಟ್ಟಿಗೆ ಕಿತ್ತು ಬುಡ ಕೆದರಿದೆವು. ಚೂರು, ಮೊಳೆ, ತಂತಿ ಸೇರಿ ಎರಡು ಬುಟ್ಟಿ ಬಂತು. ಬ್ಲೇಡನ್ನೂ ಗಾರ್ಡನ್ನೂ ನಾನು ಮತ್ತೆ ಕೂರಿಸಿ ಬಿಗಿದೆ. ಮೂರನೆಯ ದಿನ ಸಂಜೆ ಅವಳು ತೆಳ್ಳಗೆ ನೀರು ಚಿಮುಕಿಸಿದಳು, ಒಂದು ರಾತ್ರಿ ಆರಲು ಬಿಟ್ಟಳು. ಮಣ್ಣನ್ನು ಹಿಡಿಯಲ್ಲಿ ಹಿಚುಕಿ, ಉಂಡೆಯಾಗಿ ನಿಂತು ತಟ್ಟಿದರೆ ಒಡೆಯುವ ಹದ ಬಂದಾಗ "ಈಗ" ಎಂದಳು. ಸ್ಟೋರಿನಿಂದ ತಂದ ಗಂಡಸರ ಬೂಟಿನೊಳಗೆ ಅರಿವೆ ತುರುಕಿ ಹಾಕಿಕೊಂಡಳು. ವೆಲ್ಡಿಂಗ್ ವಿಭಾಗದಿಂದ ಬಿಳಿ ಗಾಜಿನ ಕನ್ನಡಕ ತಂದುಕೊಟ್ಟೆ. ಸೀರೆಯ ಸೆರಗನ್ನು ಟೊಂಕಕ್ಕೆ ಬಿಗಿದು ಸಿಕ್ಕಿಸಿದಳು.

ಮೊದಲ ಸುತ್ತು ಒಂದನೆಯ ಹಲ್ಲಿನಲ್ಲಿ, ಬರೀ ಹುಲ್ಲಿನ ಬೇರು ಸೀಳುವಷ್ಟು. ಸಾಲಿನ ಕೊನೆಗೆ ಬಂದಾಗ ಮೊದಲು ಬೆಲ್ಟಿನ ಲಿವರು ಬಿಡುವುದು, ಬ್ಲೇಡು ನಿಲ್ಲುವವರೆಗೆ ಕಾಯುವುದು, ಆಮೇಲೆ ಯಂತ್ರ ತಿರುಗಿಸುವುದು. ಆಳ ಬದಲಿಸಬೇಕೆಂದರೆ ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ತಂತಿ ಕಿತ್ತು, ಆಮೇಲೆಯೇ ಕೈ. ಎರಡನೆಯ ಸುತ್ತು ಮೂರನೆಯ ಹಲ್ಲಿನಲ್ಲಿ, ಅದೇ ಸೀಳಿನೊಳಗೆ. ಅವಳು ಯಂತ್ರವನ್ನು ದೂಡಲಿಲ್ಲ, ಅದು ಹೋಗುವಷ್ಟಕ್ಕೆ ಹಿಂದೆ ನಡೆದಳು. ಮೂಲೆಗಳನ್ನು ನಾನು ಯಂತ್ರದಲ್ಲೇ ಸುತ್ತಿಸಲು ಹೋಗಿ ಒಂದು ಕಡೆ ಹುಲ್ಲು ಕಿತ್ತುಹಾಕಿದೆ. ಅವಳು ನನ್ನನ್ನು ಸರಿಸಿ ಉಳಿದ ಮೂಲೆಗಳನ್ನು ಖುರಪಿಯಲ್ಲೇ ಮುಗಿಸಿದಳು.

ಒಂದೇ ದಿನದಲ್ಲಿ ಅಂಚು ಮುಗಿಯಿತು. ಹಗ್ಗ ತೆಗೆದ ಮೇಲೆ ಅವಳು ಲಾನಿನ ತುದಿಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದಳು. ಸೊಟ್ಟ ಇರಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಮಂಟಪದವರು ಲಾರಿಯಲ್ಲಿ ಬಂದು, ಆ ಅಂಚಿನ ಮೇಲೆಯೇ ಐದೈದು ಅಡಿಗೆ ಒಂದರಂತೆ ಕಬ್ಬಿಣದ ಗೂಟ ಬಡಿದರು. ಮೇಲೆ ಕೆಂಪು ಜಮಖಾನೆ ಹಾಸಿದರು. ಮಂತ್ರಿಗಳು ಇನ್ನೊಂದು ಗೇಟಿನಿಂದ ಬಂದು, ಭಾಷಣ ಮಾಡಿ, ಇನ್ನೊಂದು ಗೇಟಿನಿಂದಲೇ ಹೋದರು. ಹುಲ್ಲಿನ ಕಡೆ ತಲೆ ಕೂಡ ತಿರುಗಿಸಲಿಲ್ಲ. ಎಸ್ಟೇಟ್ ಅಧಿಕಾರಿಗಳು ಮಾತ್ರ ಸಿಕ್ಕಸಿಕ್ಕವರಿಗೆ, "ಫಾರಿನ್ ಮಷೀನ್, ನಾನ ಸ್ವತಃ ನಿಂತು ಮಾಡಸೇನಿ," ಎನ್ನುತ್ತಿದ್ದರು. ಜಮಖಾನೆಯ ಅಡಿಯಲ್ಲಿದ್ದದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದರು.

ವಾರದ ನಂತರ ನನಗೆ ವರ್ಗಾವಣೆಯ ಆದೇಶ ಬಂತು, ಮಿಲ್ಲಿನಿಂದ ಕಬ್ಬಿನ ಯಾರ್ಡಿಗೆ. ಕಾರಣ ಬರೆದಿರಲಿಲ್ಲ. ಆ ಹಂಗಾಮು ಪೂರ್ತಿ ಧೂಳಿನಲ್ಲಿ ನಿಂತು, ಕಬ್ಬು ತೂಗುವ ವೇಬ್ರಿಜ್ಜಿಗೆ ಗಾಡಿ ಬಿಡುವ ಕೆಲಸ ಮಾಡಿದೆ. ಫಿಟರನಿಗೆ ಅದಕ್ಕಿಂತ ದೊಡ್ಡ ಅವಮಾನ ಹುಡುಕುವುದು ಕಷ್ಟ. ಅವಳಿಗೆ ಹೊಸ ಸೀರೆ ಬರಲಿಲ್ಲ.

ಯಾರ್ಡಿನ ತಂತಿ ಬೇಲಿಯಾಚೆ ಅತಿಥಿಗೃಹದ ಲಾನು ಕಾಣುತ್ತಿತ್ತು. ಸಂಕ್ರಾಂತಿ ದಾಟಿದ ಮೇಲೆ ಒಂದು ಬೆಳಿಗ್ಗೆ ಅವಳು ಬೂಟು ಹಾಕಿಕೊಂಡು ಯಂತ್ರ ಹೊರಗೆ ತಂದದ್ದನ್ನು ಕಂಡೆ. ಸಾಲಿನ ಅರ್ಧಕ್ಕೆ ಬಂದಾಗ ಎಸ್ಟೇಟ್ ಅಧಿಕಾರಿಗಳು ಇಬ್ಬರು ಅತಿಥಿಗಳನ್ನು ಕರೆತಂದು, ಸರಿಯಾಗಿ ಯಂತ್ರದ ಮುಂದೆ ನಿಲ್ಲಿಸಿ, ಬ್ಲೇಡಿನತ್ತ ಕೈ ಮಾಡಿ ವಿವರಿಸತೊಡಗಿದರು. ಅವಳು ಲಿವರು ಬಿಟ್ಟಳು. ಬ್ಲೇಡು ನಿಲ್ಲುವವರೆಗೆ ಕಾದಳು. ಎಂಜಿನ್ ಬಂದ್ ಮಾಡಿ, ಬಗ್ಗಿ ಪ್ಲಗ್ಗಿನ ತಂತಿ ಕಿತ್ತು, ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಳು. ಬೇಲಿಯ ಈಚೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಮುಂದ ಯಾರೂ ನಿಂದರೂ ಹಂಗಿಲ್ರಿ. ದಾರಿಗೆ ಹೋಗಿ ನಿಂದರ್ರಿ. ಇಲ್ಲಂದ್ರ ಇದು ಹಿಂಗ ನಿಂತಿರತೈತಿ."

ಅತಿಥಿಗಳು ಆಗಲೇ ಹಿಂದೆ ಸರಿದಿದ್ದರು. ಅಧಿಕಾರಿಗಳೂ ಒಂದು ಹೆಜ್ಜೆ ಸರಿದರು. ಅವಳು ಅಲುಗಾಡಲಿಲ್ಲ. ಅವರು ಇನ್ನೂ ನಾಲ್ಕು ಹೆಜ್ಜೆ ಸರಿದು, ಹುಲ್ಲು ದಾಟಿ, ದಾರಿಯ ಧೂಳಿನಲ್ಲಿ ಹೋಗಿ ನಿಂತರು.

ಆ ಹೊತ್ತಿಗೆ ನನ್ನ ಹಿಂದೆ ಗಾಡಿಯವರು ಬೈಯುತ್ತಿದ್ದರು. ಅದನ್ನು ನೋಡಲು ನಾನು ತೂಕದ ಸಾಲನ್ನು ಎರಡು ನಿಮಿಷ ತಡೆದು ನಿಲ್ಲಿಸಿದ್ದೆ.